ಮಲ್ಲೇಶ್ವರದಿಂದ ಜಯನಗರಕ್ಕೆ, ಅಮೆರಿಕ ಸುತ್ತಿಕೊಂಡು

2002ರ ಮಾತು. ಮಲ್ಲೇಶ್ವರದ ಒಂದು ಸೈಬರ್ ಕೆಫೆಯಲ್ಲಿ ಕೂತು, ಜಯನಗರದ ಗೆಳೆಯನ ಆಫೀಸಿನಲ್ಲಿದ್ದ ಸರ್ವರ್‌ಗೆ ಫೈಲ್ ಕಳಿಸ್ತಿದ್ದೆ. ಅದು ಹೋಗ್ತಾನೇ ಇಲ್ಲ, ಗಂಟೆ ಲೆಕ್ಕದ ದುಡ್ಡು ಮಾತ್ರ ಓಡ್ತಿದೆ. ಕೆಫೆ ನೋಡ್ಕೊಳ್ತಿದ್ದ ಹುಡುಗ ಟ್ರೇಸ್‌ರೂಟ್ ಅನ್ನೋ ಕಮಾಂಡ್ ಹಾಕಿ ದಾರಿ ತೋರಿಸಿದ. ನನ್ನ ಫೈಲ್ ಅಮೆರಿಕಕ್ಕೆ ಹೋಗಿ ಜಯನಗರಕ್ಕೆ ವಾಪಸ್ ಬರ್ತಿತ್ತು! ಬಿಎಂಟಿಸಿ ಬಸ್ಸಲ್ಲಿ ಹೋಗಿ ಫ್ಲಾಪಿ ಕೊಟ್ಟು ಬರಬಹುದಿತ್ತು.

ಯಾಕೆ ಹೀಗೆ? 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿತು. 1998ರಲ್ಲಿ ಖಾಸಗಿಯವರಿಗೂ ಬಾಗಿಲು ತೆರೆಯಿತು. ಆದ್ರೆ ಹೊಸಬರಲ್ಲಿ ಬಹಳ ಮಂದಿ ತಮ್ಮತಮ್ಮಲ್ಲಿ ತಂತಿ ಜೋಡಿಸಿಕೊಳ್ಳದೆ, ವಿದೇಶಿ ಕಂಪನಿಗಳಿಂದ ಟ್ರಾನ್ಸಿಟ್ ಕೊಂಡರು. ಟ್ರಾನ್ಸಿಟ್ ಅಂದ್ರೆ ಹೋಟೆಲ್ ಊಟ, ತಿಂದಷ್ಟಕ್ಕೆ ಬಿಲ್. ಪೀರಿಂಗ್ ಅಂದ್ರೆ ಅಕ್ಕಪಕ್ಕದ ಮನೆಯ ಬಟ್ಟಲು: ಹುಳಿ ಹೋದ್ರೆ ಪಲ್ಯ ಬರುತ್ತೆ, ಯಾರೂ ಲೆಕ್ಕ ಬರೆಯಲ್ಲ. ಉತ್ಪ್ರೇಕ್ಷೆ ಅಲ್ಲ ಇದು. 2011ರಲ್ಲಿ ಜಗತ್ತಿನ 1,42,000ಕ್ಕೂ ಹೆಚ್ಚು ಪೀರಿಂಗ್ ಒಪ್ಪಂದಗಳನ್ನು ಸಮೀಕ್ಷೆ ಮಾಡಿದಾಗ, ಶೇ 99ಕ್ಕಿಂತ ಹೆಚ್ಚಿನವಕ್ಕೆ ಸಹಿ ಹಾಕಿದ ಕಾಗದವೇ ಇರಲಿಲ್ಲ. ಬರೀ ಬಾಯಿಮಾತು.

2003ರಲ್ಲಿ ನಿಕ್ಸಿ ಹುಟ್ಟಿತು, ಅಂದ್ರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ದೇಶದೊಳಗಿನ ಡೇಟಾ ದೇಶದೊಳಗೇ ಕೈ ಬದಲಾಯಿಸಲಿ ಅಂತ ನೋಯ್ಡಾ, ಮುಂಬೈ, ಚೆನ್ನೈ, ಕೋಲ್ಕತ್ತದಲ್ಲಿ ಮೊದಲ ಕೂಡುತಾಣಗಳು. ಬೆಂಗಳೂರಿನ ಸರದಿ ಬಂದಿದ್ದು ಆಮೇಲೆ. ಐಟಿ ರಾಜಧಾನಿ ಅಂತ ಬೀಗ್ತಿದ್ದ ನಮಗೆ ಇರಲಿ ಬಿಡಿ.

ತಂತಿ ಸೇರಿತು, ತಕರಾರು ಮುಗೀಲಿಲ್ಲ. ಇಲ್ಲಿ ಬಟ್ಟಲು ನಿಯಮ ಇರಲಿಲ್ಲ. ಯಾರು ಕಳಿಸಿದ್ದಕ್ಕಿಂತ ಹೆಚ್ಚು ಡೇಟಾ ಪಡೀತಿದ್ರೋ ಅವರು ಆ ವ್ಯತ್ಯಾಸಕ್ಕೆ ದುಡ್ಡು ಕಟ್ಟಬೇಕಿತ್ತು. ಸರ್ವರ್ ಇಟ್ಟುಕೊಂಡವರಿಗೆ ಲಾಭ. ಮನೆಮನೆಗೆ ಕನೆಕ್ಷನ್ ಕೊಟ್ಟ ಸಣ್ಣ ಕಂಪನಿ? ಅದರ ಗ್ರಾಹಕರು ನೋಡೋರು, ಡೌನ್‌ಲೋಡ್ ಮಾಡೋರು. ಗ್ರಾಹಕರು ಹೆಚ್ಚಿದಷ್ಟೂ ಬಿಲ್ ಹೆಚ್ಚು! ಮನೆಗಳಿಗೆ ಇಂಟರ್ನೆಟ್ ಮುಟ್ಟಿಸಿದವರಿಗೇ ದಂಡ ಹಾಕಿದಂಥ ನಿಯಮ ಅದು, ನನ್ನ ಪ್ರಕಾರ ತಪ್ಪು.

ಈಗ ವಾದ ಉಲ್ಟಾ ಆಗಿದೆ. ವಿಡಿಯೋ ಕಳಿಸೋ ದೊಡ್ಡ ಕಂಪನಿಗಳೇ ನಮಗೆ ದುಡ್ಡು ಕೊಡಲಿ ಅಂತಾರೆ ಟೆಲಿಕಾಂನವರು. ದಕ್ಷಿಣ ಕೊರಿಯಾದಲ್ಲಿ 2016ರಿಂದ ಇಂಥದ್ದೇ ನಿಯಮ ಇದೆ, ಕಳಿಸಿದ ನೆಟ್‌ವರ್ಕ್ ಪಡೆದ ನೆಟ್‌ವರ್ಕ್‌ಗೆ ಕೊಡಬೇಕು. ಆ ಭಾರ ಕೊನೆಗೆ ವಿಡಿಯೋ ಕಂಪನಿಗಳ ತಲೆಗೂ ಬಂತು. ನೆಟ್‌ವರ್ಕ್ ಶುಲ್ಕ ತಡೆಯೋಕಾಗಲ್ಲ ಅಂತ ಹೇಳಿ, 2024ರ ಫೆಬ್ರವರಿಯಲ್ಲಿ ಟ್ವಿಚ್ ಆ ದೇಶದಲ್ಲಿ ಅಂಗಡಿ ಮುಚ್ಚಿತು. ಗೇಮ್ ಸ್ಟ್ರೀಮ್ ಮಾಡಿ ಬದುಕ್ತಿದ್ದ ಅಲ್ಲಿನ ಹುಡುಗರು ಬೇರೆ ಆ್ಯಪ್ ಹುಡುಕಿಕೊಂಡು ಹೊರಟರು.