ಅಕ್ಕನ ಹಿತ್ತಲಿನ ಡೆಕ್ಕು

2024ರ ಜೂನಿನಲ್ಲಿ ಎರಡು ತಿಂಗಳ ಮಟ್ಟಿಗೆ ಅಕ್ಕನ ಮನೆಗೆ ಹೋಗಿದ್ದೆ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ರಾಲಿ ಎಂಬ ಊರು, ಅದರ ಹೊರವಲಯದಲ್ಲಿ ಅವರ ಮನೆ. ಪುಣೆಯ ಎಂಟನೇ ಮಹಡಿಯಲ್ಲಿ ಇಪ್ಪತ್ತೆರಡು ವರ್ಷ ಕಳೆದ ನನಗೆ ಹಿತ್ತಲು ಅನ್ನುವುದೇ ಒಂದು ಐಶ್ವರ್ಯ. ಅಡುಗೆಮನೆಯ ಗಾಜಿನ ಬಾಗಿಲು ಸರಿಸಿದರೆ ನೆಲದಿಂದ ಮೂರಡಿ ಎತ್ತರದಲ್ಲಿ ಮರದ ಹಲಗೆ ಹಾಸಿದ ಅಂಗಳ. ಅದಕ್ಕೆ ಅಲ್ಲಿ ಡೆಕ್ ಅನ್ನುತ್ತಾರೆ. ಸಾಗರದ ನಮ್ಮ ಮನೆಯ ಜಗಲಿಯನ್ನು ಮುಂದಿನಿಂದ ಕಿತ್ತು ಹಿಂದಕ್ಕಿಟ್ಟು, ಮೇಲಿನ ಮಾಡನ್ನು ತೆಗೆದರೆ ಹೇಗಿರುತ್ತದೋ ಹಾಗೆ. ಬೆಳಗಿನ ಕಾಫಿ, ಸಂಜೆಯ ಹರಟೆ, ಹಪ್ಪಳ ಒಣಗಿಸುವುದು ಎಲ್ಲ ಅಲ್ಲೇ. ಡೆಕ್ಕಿನ ಅಂಚಿಗೆ ಒತ್ತಿಕೊಂಡಂತೆ ಅಕ್ಕ ಪುದೀನ, ಕೊತ್ತಂಬರಿ, ಊರಿಂದ ಕದ್ದು ತಂದ ದೊಡ್ಡಪತ್ರೆ ಬೆಳೆಸಿದ್ದಳು.

ನಾನು ಹೋದಾಗ ಆ ಡೆಕ್ಕು ಕೀಳಿಸುವ ಮಾತು ನಡೆದಿತ್ತು. ಮನೆ ಕಟ್ಟಿದ್ದು 1996ರಲ್ಲಿ, ಡೆಕ್ಕೂ ಅಂದಿನದೇ. ಮೇಲಿನ ಹಲಗೆಗಳು ಸೀಳಿ ಸಿಬಿರೆದ್ದಿದ್ದವು. ಅಕ್ಕನ ಮೊಮ್ಮಗ ಹದಿನಾಲ್ಕು ತಿಂಗಳವನು, ಅಂಬೆಗಾಲಿಟ್ಟು ಹೊರಟರೆ ನೇರ ಅಲ್ಲಿಗೇ. ಒಂದು ದಿನ ಅವನ ಅಂಗೈಗೆ ಸಿಬಿರು ಚುಚ್ಚಿತು. ತೆಗೆಯುವಾಗ ಭಾವ ಕನ್ನಡಕ ಏರಿಸಿಕೊಂಡು, "ಈ ಮರ ಒಳಗೆ ಸ್ವಲ್ಪ ಹಸಿರಾಗಿದೆ ನೋಡೋ. ಯಾಕಿರಬಹುದು?" ಅಂದರು. ವೃತ್ತಿಯಲ್ಲಿ ನಾನು ವಸ್ತುಗಳ ಬಾಳಿಕೆ ಪರೀಕ್ಷಿಸುವ ಎಂಜಿನಿಯರ್, ಆದರೆ ನನ್ನ ಅನ್ನ ಲೋಹಗಳದ್ದು. ಮರದ ವಿಷಯ ಗೊತ್ತಿರಲಿಲ್ಲ. ಆ ರಾತ್ರಿ ಹುಡುಕುತ್ತ ಕೂತವನಿಗೆ ಆ ಹಸಿರಿನ ಜಾಡು ಡೆಹರಾಡೂನಿನವರೆಗೆ ಹೋಗುತ್ತದೆ ಎಂಬ ಕಲ್ಪನೆಯೂ ಇರಲಿಲ್ಲ.

ಮೊದಲು ಡೆಕ್ಕಿನ ಪೂರ್ವಾಪರ ಸ್ವಲ್ಪ. ಹಳೆಯ ಅಮೆರಿಕನ್ ಮನೆಗಳಿಗೆ ನಮ್ಮ ಜಗಲಿಯಂತೆಯೇ ಬೀದಿಗೆ ಮುಖ ಮಾಡಿದ ಪಡಸಾಲೆ ಇರುತ್ತಿತ್ತು. ಎರಡನೇ ಮಹಾಯುದ್ಧದ ನಂತರ ಹೊಸ ಬಡಾವಣೆಗಳು ಎದ್ದವು, ಬೀದಿ ಕಾರುಗಳದ್ದಾಯಿತು, ಮನೆಯವರು ಹಿತ್ತಲಿಗೆ ಸರಿದರು. ಕ್ಯಾಲಿಫೋರ್ನಿಯಾದಲ್ಲಿ ಥಾಮಸ್ ಚರ್ಚ್ ಎಂಬ ಉದ್ಯಾನ ವಿನ್ಯಾಸಕಾರ 1948ರ ಹೊತ್ತಿಗೆ ಸೊನೋಮಾದ ಡೊನೆಲ್ ಕುಟುಂಬದ ತೋಟದಲ್ಲಿ ಓಕ್ ಮರಗಳನ್ನು ಕಡಿಯದೆ, ಅವುಗಳ ಸುತ್ತಲೇ ರೆಡ್‌ವುಡ್ ಹಲಗೆಯ ಡೆಕ್ ಹಾಸಿದ. ರೆಡ್‌ವುಡ್ ನಮ್ಮ ಸಾಗುವಾನಿಯಂತೆ. ಅದರ ಒಗರಿನ ಅಂಶಕ್ಕೆ ಹುಳ, ಬೂಷ್ಟು ಸುಲಭವಾಗಿ ಹತ್ತಿರ ಬರುವುದಿಲ್ಲ. ಆದರೆ ಸಾವಿರ ವರ್ಷದ ಮರಗಳನ್ನು ಎಷ್ಟು ದಿನ ಕಡಿಯಲಾದೀತು? ಉಳಿದದ್ದನ್ನು ಕಾಪಾಡಲು 1968ರಲ್ಲಿ ರಾಷ್ಟ್ರೀಯ ಉದ್ಯಾನವನ್ನೇ ಮಾಡಬೇಕಾಯಿತು. ಹಿತ್ತಲಿನ ಆಸೆ ಮಾತ್ರ ದೇಶವಿಡೀ ಹಬ್ಬಿತ್ತು. ದಕ್ಷಿಣದ ರಾಜ್ಯಗಳಲ್ಲಿ ಬೇಗ ಬೆಳೆಯುವ ಹಳದಿ ಪೈನ್ ಬೇಕಾದಷ್ಟಿತ್ತು. ಅಗ್ಗ, ಗಟ್ಟಿ. ಒಂದೇ ತೊಂದರೆ, ಮಳೆಗೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಕೊಳೆಯುತ್ತದೆ.

ಅದಕ್ಕೆ ಪರಿಹಾರ ಅದಾಗಲೇ ಭಾರತದಲ್ಲಿ ಸಿದ್ಧವಾಗಿತ್ತು.

ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಶುರುವಾದದ್ದು 1906ರಲ್ಲಿ. ಮರವನ್ನು ದೊಡ್ಡ ಉಕ್ಕಿನ ಕೊಳವೆಯಲ್ಲಿಟ್ಟು, ಗಾಳಿ ಹೀರಿ, ಒತ್ತಡದಿಂದ ಔಷಧ ತುಂಬುವ ವಿಧಾನಕ್ಕೆ ಇಂಗ್ಲೆಂಡಿನ ಜಾನ್ ಬೆಥೆಲ್ 1838ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಅವನು ತುಂಬಿದ್ದು ಕ್ರಿಯೋಸೋಟ್, ಅಂದರೆ ಟಾರಿನಿಂದ ಬರುವ ಕಪ್ಪು ಎಣ್ಣೆ. ವಾಸನೆ, ಜಿಡ್ಡು. ರೈಲು ಸ್ಲೀಪರಿಗೆ ಸರಿ, ಮನೆಗೆ ಆಗದು. ನೀರಲ್ಲಿ ಕರಗುವ ಲವಣಗಳನ್ನು ತುಂಬಿದರೆ ಮುಂದಿನ ಮಳೆಗೆ ತೊಳೆದುಹೋಗುತ್ತಿದ್ದವು. 1933ರಲ್ಲಿ ಈ ಸಂಸ್ಥೆಯ ಸೊಂಟಿ ಕಾಮೇಶಂ ಎಂಬ ಸಂಶೋಧಕರು ಈ ಗಂಟು ಬಿಡಿಸಿದರು. ಬೂಷ್ಟಿಗೆ ತಾಮ್ರ, ಗೆದ್ದಲು ಹುಳಗಳಿಗೆ ಆರ್ಸೆನಿಕ್, ಇವೆರಡೂ ತೊಳೆದುಹೋಗದಂತೆ ಮರದ ನಾರಿಗೆ ಕಚ್ಚಿಸಲು ಕ್ರೋಮಿಯಂ. ಆರ್ಸೆನಿಕ್ ಮತ್ತು ತಾಮ್ರದ ರಾಸಾಯನಿಕ ಸಂಕೇತಗಳನ್ನು ಜೋಡಿಸಿ ಅದಕ್ಕೆ ಆಸ್ಕು ಎಂದು ಹೆಸರಾಯಿತು. 1938ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ಕಿತು. ಅಲ್ಲಿ ಮೊದಲು ತಂತಿ ಕಂಬಗಳಿಗೆ ಹೋದ ಈ ಔಷಧ, ಎಪ್ಪತ್ತರ ದಶಕದಿಂದ ಮುಂದೆ ಹಿತ್ತಲಿನ ಡೆಕ್ಕು, ಬೇಲಿ, ಮಕ್ಕಳ ಉಯ್ಯಾಲೆ ಕಂಬ ಎಲ್ಲಕ್ಕೂ ಬಂತು. ಮೊಮ್ಮಗನ ಅಂಗೈಯ ಸಿಬಿರಿನಲ್ಲಿ ಭಾವ ಕಂಡದ್ದು ಆ ತಾಮ್ರ, ಕ್ರೋಮಿಯಂಗಳ ಹಸಿರು.

ದೆಹಲಿಯಲ್ಲಿ ಕೆಲಸದಲ್ಲಿದ್ದಾಗ ಮಕ್ಕಳನ್ನು ಕರೆದುಕೊಂಡು ಎರಡು ಸಲ ಆ ಸಂಸ್ಥೆಗೆ ಹೋಗಿದ್ದೇನೆ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ 704 ವರ್ಷ ಬದುಕಿದ್ದ ದೇವದಾರು ಮರದ ಅಡ್ಡ ಸೀಳು ಇದೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಮಕ್ಕಳಿಗೆ ಉಂಗುರ ಎಣಿಸಲು ಹೇಳಿ, ಹೊರಗೆ ಬಂದು ಪರಾಠ ತಿಂದಿದ್ದೇವೆ. ಕಾಮೇಶಂ ಹೆಸರು ನಮ್ಮ ಕಿವಿಗೆ ಬಿದ್ದಿರಲಿಲ್ಲ. ಅಮೆರಿಕದ ಲಕ್ಷಾಂತರ ಹಿತ್ತಲುಗಳಿಗೆ ಹೊಕ್ಕ ವಸ್ತುವನ್ನು ರೂಪಿಸಿದವರು ನಮ್ಮ ಶಾಲಾ ಪಠ್ಯದಲ್ಲಿ ಒಂದು ಸಾಲಿನಷ್ಟೂ ಇಲ್ಲ. ಬಹುಶಃ ಮುಂದೆ ಆದದ್ದರಿಂದ ಅವರನ್ನು ನೆನೆಯುವುದು ಯಾರಿಗೂ ಸಲೀಸಲ್ಲವೇನೋ.

ಮುಂದೆ ಆದದ್ದು ಇಷ್ಟು. ಕ್ರೋಮಿಯಂ ಎಷ್ಟೇ ಕಚ್ಚಿಸಿದರೂ ವರ್ಷಗಳ ಮಳೆಗೆ ಸ್ವಲ್ಪ ಆರ್ಸೆನಿಕ್ ಇಳಿಯುತ್ತದೆ. ಮರದ ಮೈ ಸವರಿದ ಕೈಗೂ ಬರುತ್ತದೆ. 2001ರ ಹೊತ್ತಿಗೆ ಫ್ಲಾರಿಡಾದಲ್ಲಿ ಮಕ್ಕಳ ಆಟದ ಅಂಗಳಗಳ ಮಣ್ಣಿನ ಬಗ್ಗೆ ಗಲಾಟೆ ಎದ್ದಿತು. 2002ರ ಫೆಬ್ರವರಿಯಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ಉದ್ಯಮದವರು ತಾವಾಗಿಯೇ ಇದನ್ನು ಮನೆ ಬಳಕೆಯಿಂದ ಕೈಬಿಡಲು ಒಪ್ಪಿದ್ದಾರೆ ಎಂದು ಪ್ರಕಟಿಸಿತು. ಕೊನೆಯ ದಿನ 2003ರ ಡಿಸೆಂಬರ್ 31. ಆದರೆ ಅದಾಗಲೇ ಕಟ್ಟಿದ್ದನ್ನು ಕಿತ್ತುಹಾಕಿ ಎಂದು ಯಾರೂ ಹೇಳಲಿಲ್ಲ. ಹಾಗಾಗಿ ಅಕ್ಕನ ಮನೆಯದು ಅಲ್ಲೇ ಉಳಿದಿತ್ತು.

ಅಕ್ಕನಿಗೆ ಇದನ್ನೆಲ್ಲ ಹೇಗೆ ಹೇಳುವುದು ಎಂದು ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ದೊಡ್ಡಪತ್ರೆಯ ತಂಬುಳಿ ಬಡಿಸಲು ಬಂದಾಗ ಹೇಳಲೇಬೇಕಾಯಿತು. ಮಣ್ಣನ್ನು ಪರೀಕ್ಷೆಗೆ ಕಳಿಸಿದೆವು. ಡೆಕ್ಕಿನ ಅಂಚಿನಿಂದ ನೀರು ತೊಟ್ಟಿಕ್ಕುವ ಸಾಲಿನಲ್ಲಿ ಆರ್ಸೆನಿಕ್ ಹೆಚ್ಚಿತ್ತು, ಹತ್ತಡಿ ಆಚೆ ಮಾಮೂಲಿನಷ್ಟೇ. ತಿಂದದ್ದರಿಂದ ಏನಾದರೂ ಆಗಿದೆಯೇ ಎಂದರೆ ಇಲ್ಲ, ಯಾರಿಗೂ ಏನೂ ಆಗಿಲ್ಲ. ಅಕ್ಕ ಮಾತಾಡಲಿಲ್ಲ. ಕೈಚೀಲ ಹಾಕಿಕೊಂಡು ಗಿಡಗಳನ್ನೆಲ್ಲ ಬೇರುಸಮೇತ ಕಿತ್ತು ಕಸದ ಚೀಲಕ್ಕೆ ತುಂಬಿದಳು. ದೊಡ್ಡಪತ್ರೆಯ ಒಂದು ಕುಡಿ ಮಾತ್ರ ಚಿವುಟಿ ನೀರಿನ ಲೋಟದಲ್ಲಿಟ್ಟಳು. "ಇಪ್ಪತ್ತು ವರ್ಷದಿಂದ ಎಲ್ಲರಿಗೂ ಇದನ್ನೇ ಬಡಿಸಿದೀನಲ್ಲೋ" ಅಂದದ್ದು ರಾತ್ರಿ ಊಟವಾದ ಮೇಲೆ.

ಇನ್ನು ಹೊಸ ಡೆಕ್ಕು ಯಾವುದರದ್ದು? ಭಾವ ಹೇಳುತ್ತಿದ್ದದ್ದು ಕಾಂಪೋಸಿಟ್. ಗರಗಸದ ಹೊಟ್ಟು ಮತ್ತು ಹಳೆಯ ಪ್ಲಾಸ್ಟಿಕ್ಕನ್ನು ಸುಮಾರು ಅರ್ಧಕ್ಕರ್ಧ ಬೆರೆಸಿ, ಕಾಯಿಸಿ, ಚಕ್ಕುಲಿ ಒತ್ತಿದಂತೆ ಅಚ್ಚಿನಿಂದ ಒತ್ತಿ ತೆಗೆದ ಹಲಗೆ. ಹೊಟ್ಟು ಸೀದುಹೋಗಬಾರದಾದ್ದರಿಂದ ಶಾಖ 200 ಡಿಗ್ರಿ ದಾಟಬಾರದು. ಹಾಗಾಗಿ ಕಡಿಮೆ ಶಾಖಕ್ಕೆ ಕರಗುವ, ಅಂಗಡಿ ಚೀಲದಂಥ ಪಾಲಿಥಿನ್ನೇ ಇದಕ್ಕೆ ಒಗ್ಗುವುದು. ಚೀಲ ತಯಾರಿಸುತ್ತಿದ್ದ ಮೊಬಿಲ್ ಕಂಪನಿಯೇ ತೊಂಬತ್ತರ ದಶಕದ ಆರಂಭದಲ್ಲಿ ಈ ವ್ಯವಹಾರಕ್ಕೆ ಕೈಹಾಕಿತ್ತು. 1996ರಲ್ಲಿ ಅದರ ನಾಲ್ವರು ಅಧಿಕಾರಿಗಳು ಆ ವಿಭಾಗವನ್ನು ಕೊಂಡು ವರ್ಜೀನಿಯಾದ ವಿಂಚೆಸ್ಟರಿನಲ್ಲಿ ಟ್ರೆಕ್ಸ್ ಕಂಪನಿ ಮಾಡಿದರು. ಅಂದರೆ ಅಕ್ಕನ ಮನೆಗೆ ಆರ್ಸೆನಿಕ್ ಹಲಗೆ ಬಡಿದ ವರ್ಷವೇ ಅದರ ಪ್ರತಿಸ್ಪರ್ಧಿಯೂ ಸ್ವತಂತ್ರವಾಗಿ ನಿಂತಿತ್ತು. 2002ರ ಪ್ರಕಟಣೆ ಅದಕ್ಕೆ ಬಾಗಿಲು ತೆರೆದುಕೊಟ್ಟಿತು. ಮೊದಲ ತಲೆಮಾರಿನ ಹಲಗೆಗಳೇನು ಸಾಚಾ ಆಗಿರಲಿಲ್ಲ. ಹೊಟ್ಟು ನೀರು ಕುಡಿದು ಬೂಷ್ಟು ಹಿಡಿಯುತ್ತಿತ್ತು, ಬಣ್ಣ ಮಾಸುತ್ತಿತ್ತು. ಕೆಲವು ತಕರಾರು ಕೋರ್ಟಿಗೂ ಹೋದವು. 2010ರ ಆಸುಪಾಸಿನಿಂದ ಹಲಗೆಗೆ ಶುದ್ಧ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಲು ಶುರುಮಾಡಿದ ಮೇಲೆ ಆ ಕಾಟ ತಗ್ಗಿತು.

ಇಲ್ಲಿ ಒಂದು ಮಾತು ಸೇರಿಸಬೇಕು. ನಮ್ಮ ಪುಣೆ, ಬೆಂಗಳೂರಿನ ಕಂತ್ರಾಟುದಾರರು ಡಬ್ಲ್ಯುಪಿಸಿ ಎಂದು ಅಡುಗೆಮನೆ ಕಪಾಟಿಗೆ, ಬಾಗಿಲ ಚೌಕಟ್ಟಿಗೆ ಕೊಡುವುದು ಬಹುಪಾಲು ಪಿವಿಸಿ ನೊರೆಯ ಹಲಗೆ. ಹೆಸರು ಒಂದೇ, ಸರಕು ಬೇರೆ. ಅದನ್ನು ತಾರಸಿಗೆ ಹಾಸಿ ಡೆಕ್ ಅನ್ನಬೇಡಿ. ಮಲ್ಲೇಶ್ವರದ 18ನೇ ಕ್ರಾಸಿನಲ್ಲಿರುವ ಮರ ವಿಜ್ಞಾನ ಸಂಸ್ಥೆಯವರು ಮರದ ಪುಡಿ, ಪ್ಲಾಸ್ಟಿಕ್ ಬೆರೆಸುವ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತಿದ್ದಾರೆ. ಆ ಸಂಸ್ಥೆಯ ಮೂಲ ಮೈಸೂರು ಸಂಸ್ಥಾನ 1938ರಲ್ಲಿ ತೆರೆದ ಪ್ರಯೋಗಾಲಯ. ಕಾಮೇಶಂ ಅವರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದೂ ಅದೇ ವರ್ಷ. ಕಾಕತಾಳೀಯ ಅಷ್ಟೇ, ಆದರೆ ಬರೆಯದಿರಲು ಮನಸ್ಸು ಬರಲಿಲ್ಲ.

ಲೆಕ್ಕಕ್ಕೆ ಬರುತ್ತೇನೆ. ಅಮೆರಿಕದ ಮನೆ ರಿಪೇರಿ ಉದ್ಯಮದ ಪತ್ರಿಕೆಯೊಂದು ಪ್ರತಿ ವರ್ಷ ವೆಚ್ಚದ ಸರಾಸರಿ ಪ್ರಕಟಿಸುತ್ತದೆ. 2024ರಲ್ಲಿ 16 ಅಡಿಗೆ 20 ಅಡಿಯ ಮರದ ಡೆಕ್ಕಿಗೆ ಸುಮಾರು 17,600 ಡಾಲರ್, ಅಷ್ಟೇ ಅಳತೆಯ ಕಾಂಪೋಸಿಟ್ಟಿಗೆ 24,200. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಲಕ್ಷ ರೂಪಾಯಿ! ಮನೆ ಮಾರಿದರೆ ಮರದ್ದಕ್ಕೆ ಹಾಕಿದ್ದರಲ್ಲಿ ನೂರಕ್ಕೆ 83 ವಾಪಸು ಬರುತ್ತದಂತೆ, ಕಾಂಪೋಸಿಟ್ಟಿಗೆ 68. ಹಾಗಾದರೆ ಜನ ಯಾಕೆ ಹಾಕಿಸುತ್ತಾರೆ? ಮರಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಉಜ್ಜಿ ಬಣ್ಣ ಬಳಿಸಬೇಕು. ಭಾವ ಅದಕ್ಕೆ ಸಲಕ್ಕೆ 700 ಡಾಲರ್ ಕೊಡುತ್ತಿದ್ದರು. ಕಾಗದ ತೆಗೆದು ಲೆಕ್ಕ ಹಾಕಿದೆವು. ವ್ಯತ್ಯಾಸದ 6,600 ಡಾಲರ್ ಹುಟ್ಟಬೇಕಾದರೆ ಒಂಬತ್ತು ಹತ್ತು ಸಲ ಬಣ್ಣ ತಪ್ಪಬೇಕು, ಅಂದರೆ ಇಪ್ಪತ್ಮೂರು ವರ್ಷ. ಭಾವನಿಗೆ ಆಗ ಅರವತ್ತಾರು. "ಎಂಬತ್ತೊಂಬತ್ತಕ್ಕೆ ಲಾಭ ಶುರು ಆಗತ್ತೆ ಅನ್ನು" ಎಂದು ನಕ್ಕರು.

ಅದಕ್ಕಿಂತ ನನ್ನನ್ನು ತಡೆದದ್ದು ಇನ್ನೊಂದು ಸಂಗತಿ. ಕಾಂಪೋಸಿಟ್ ಎಂಬುದು ಬರೀ ಮೇಲುಹಾಸು. ಮರದಷ್ಟು ಬಿಗಿ ಅದಕ್ಕಿಲ್ಲ, ಭಾರ ಹೊತ್ತರೆ ಕಾಲಕ್ರಮೇಣ ಬಾಗುತ್ತದೆ. ಆದ್ದರಿಂದ ಕೆಳಗಿನ ಕಂಬ, ತೊಲೆ, 16 ಇಂಚಿಗೊಂದು ಬರುವ ಜಂತೆ ಎಲ್ಲ ಸಾಮಾನ್ಯವಾಗಿ ಔಷಧ ತುಂಬಿದ ಪೈನ್ ಮರದ್ದೇ. ಹಲಗೆಗಳನ್ನು ಓರೆಯಾಗಿ ಹಾಸುವುದಾದರೆ ಜಂತೆ 12 ಇಂಚಿಗೊಂದು ಬೇಕು, ಖರ್ಚು ಇನ್ನೂ ಏರುತ್ತದೆ. ಈಗಿನ ಔಷಧದಲ್ಲಿ ಆರ್ಸೆನಿಕ್ ಇಲ್ಲ, ತಾಮ್ರವೇ ಹೆಚ್ಚು. ಅದು ಸಾದಾ ಮೊಳೆಯನ್ನು ಬೇಗ ತಿನ್ನುವುದರಿಂದ ದಪ್ಪ ಸತುವಿನ ಲೇಪದ ಮೊಳೆ ಬೇಕು, ಇಲ್ಲವೇ ಸ್ಟೇನ್‌ಲೆಸ್. ಕಾಮೇಶಂ ಅವರ ತಾಮ್ರ ಇನ್ನೂ ಅಲ್ಲೇ ಇದೆ, ಮೇಲಿನ ಹಾಸಿನ ಕೆಳಗೆ.

ಹಳೆಯ ಜಂತೆಗಳನ್ನು ಉಳಿಸಿ ಹಲಗೆ ಮಾತ್ರ ಬದಲಿಸಿದರೆ ಅರ್ಧ ದುಡ್ಡು ಉಳಿಯುತ್ತದೆಂದು ಭಾವನ ಆಸೆ. ಇಬ್ಬರೂ ಕೆಳಗೆ ತೂರಿ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿದೆವು. ಇಪ್ಪತ್ತೆಂಟು ವರ್ಷವಾಗಿದ್ದರೂ ಎಲ್ಲಿಯೂ ಇಳಿಯಲಿಲ್ಲ. ಒಂದು ಗೆದ್ದಲಿಲ್ಲ, ಒಂದು ಹುಳವಿಲ್ಲ. 1933ರಲ್ಲಿ ಹಾಕಿದ ಲೆಕ್ಕ ಅಷ್ಟು ಕರಾರುವಾಕ್ಕಾಗಿತ್ತು. ಆ ಕತ್ತಲಲ್ಲಿ ಮಂಡಿಯೂರಿ ಕೂತು ನನಗೆ ಹೆಮ್ಮೆಯೂ ಆಯಿತು, ಕೈ ತೊಳೆದುಕೊಳ್ಳಬೇಕು ಅಂತಲೂ ಅನ್ನಿಸಿತು. "ಇಷ್ಟು ಚೆನ್ನಾಗಿರೋದನ್ನ ಕೀಳೋದಾ?" ಎಂದು ಭಾವ ಕೇಳಿದರು. ಅಕ್ಕ ಮೇಲಿನಿಂದಲೇ, "ಕೀಳಿ" ಅಂದಳು.

ಕಿತ್ತರು. ದುಡ್ಡಿಗೆ ಹೊಂದಿಸಲು ಅಳತೆಯನ್ನು 12ಕ್ಕೆ 14 ಅಡಿಗೆ ಇಳಿಸಿ, ತಿಳಿಬೂದು ಬಣ್ಣದ ಕಾಂಪೋಸಿಟ್ ಹಾಕಿಸಿದರು. ಕೀಳುವ ಕೂಲಿ ಸೇರಿ 15,300 ಡಾಲರ್. ಪಕ್ಕದ ಮನೆಯವನು ಹಳೆಯ ಹಲಗೆಗಳನ್ನು ಚಳಿಗಾಲದ ಸೌದೆಗೆ ಕೇಳಿದ. ಸುಟ್ಟರೆ ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆಂದು ಭಾವ ಅವನಿಗೆ ವಿವರಿಸಿ ಹೇಳಿ ಲಾರಿಗೆ ತುಂಬಿಸಿದರು. ಅವು ಹೋಗಿ ಬಿದ್ದದ್ದು ಊರಾಚೆಯ ಕಸದ ಹೊಂಡಕ್ಕೆ. ಹೊಸ ಹಲಗೆ ಸವೆದ ದಿನ ಅದೂ ಅಲ್ಲಿಗೇ. ಹೊಟ್ಟನ್ನೂ ಪ್ಲಾಸ್ಟಿಕ್ಕನ್ನೂ ಮತ್ತೆ ಬೇರೆ ಮಾಡುವುದು ಸುಲಭವಲ್ಲ.

ನಾನು ಹೊರಡುವ ಹಿಂದಿನ ವಾರ ಕೆಲಸ ಮುಗಿಯಿತು. ಹಲಗೆಗಳ ನಡುವೆ, ತುದಿಗಳಲ್ಲಿ ಸಂದು ಬಿಟ್ಟಿದ್ದನ್ನು ಕಂಡು ಕೆಲಸ ಸರಿಯಿಲ್ಲವೆಂದು ಭಾವ ಸಿಡಿಮಿಡಿಗೊಂಡಿದ್ದರು. ಬಿಸಿಲಿಗೆ 16 ಅಡಿಯ ಹಲಗೆ ಕಾಲಿಂಚಿನಷ್ಟು ಉದ್ದವಾಗುತ್ತದೆ, ಅದಕ್ಕೇ ಆ ಜಾಗ ಎಂದು ಸಮಾಧಾನ ಮಾಡಿದೆ. ಮಧ್ಯಾಹ್ನ ಅಕ್ಕ ಹಪ್ಪಳದ ತಟ್ಟೆ ಹಿಡಿದು ಬರಿಗಾಲಲ್ಲಿ ಹೊರಗೆ ಹೋದವಳು ನಾಲ್ಕು ಹೆಜ್ಜೆಗೆ ಕುಣಿದು ಒಳಗೆ ಓಡಿ ಬಂದಳು. ಪ್ಲಾಸ್ಟಿಕ್ಕು ಹೆಂಚಿನಂತೆ ಕಾದಿತ್ತು. ಭಾವನ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಮತ್ತೆ ಹೋಗಿ ತಟ್ಟೆ ಇಟ್ಟಳು. ಮೊಮ್ಮಗ ಗಾಜಿನ ಬಾಗಿಲಿಗೆ ಎರಡೂ ಅಂಗೈ ಒತ್ತಿ ನಿಂತು ನೋಡುತ್ತಿದ್ದ. ಸಂಜೆ ಆರರ ತನಕ ಅವನನ್ನು ಹೊರಗೆ ಬಿಡಲಿಲ್ಲ.