ಸ್ಕಾಟರ ‘ಐ’ ಎಂಬ ಅವ್ಯಯ

ಸ್ಕಾಟ್ಲೆಂಡಿನ ತಗ್ಗುಸೀಮೆಯ ಜನರಾಡುವ ಸ್ಕಾಟ್ಸ್ ಭಾಷೆಯು, ಬೆಟ್ಟಸೀಮೆಯ ಗೇಲಿಕ್ ನುಡಿಗಿಂತ ಭಿನ್ನವಾದುದು. ಪ್ರಾಚೀನ ಆಂಗ್ಲದ ಉತ್ತರಶಾಖೆಯಿಂದ ಹುಟ್ಟಿದುದು. ಈ ಭಾಷೆಯಲ್ಲಿ ‘ಐ’ ಎಂಬುದೊಂದು ಅವ್ಯಯವುಂಟು. ‘ಅವನು ಐ ಗೊಣಗುತ್ತಾನೆ’ ಎಂಬಲ್ಲಿ ಅದಕ್ಕೆ ‘ಸದಾ’ ಎಂದರ್ಥ. ‘ನೀವು ಐ ಆ ಊರಿನಲ್ಲಿಯೇ ಇರುವಿರಾ?’ ಎಂಬಲ್ಲಿ ‘ಇನ್ನೂ’ ಎಂದರ್ಥ. ‘ಅಹುದು’ ಎಂಬರ್ಥದ ‘ಐ’ ಇದಲ್ಲ. ಬರಹದಲ್ಲಿ ಎರಡೂ ಬಹುಧಾ ಒಂದೇ ರೂಪದಲ್ಲಿ ಕಂಡರೂ ಉಚ್ಚಾರಣೆಯಲ್ಲಿ ಭೇದವುಂಟು. ‘ಅಹುದು’ ಎಂಬುದು 16ನೆಯ ಶತಮಾನದ ಉತ್ತರಾರ್ಧದಲ್ಲಿ ಗ್ರಂಥಗಳಲ್ಲಿ ಕಾಣಿಸಿಕೊಂಡಿತು. ‘ಸದಾ’ ಎಂಬುದು ಅದಕ್ಕಿಂತ ಬಹು ಪುರಾತನವಾದುದು.

ಈ ಅವ್ಯಯವು ನಾರ್ವೆ ಮೊದಲಾದ ಉತ್ತರದೇಶಗಳಿಂದ ಬಂದು ಬ್ರಿಟನ್ನಿನಲ್ಲಿ ನೆಲಸಿದವರ ‘ಐ’ ಎಂಬ ಶಬ್ದದಿಂದ ಬಂದುದು. ಲ್ಯಾಟಿನ್ನಿನ ‘ಐವುಮ್’, ಗ್ರೀಕಿನ ‘ಐಎಇ’, ನಮ್ಮ ಸಂಸ್ಕೃತದ ‘ಆಯುಸ್’ ಇವೆಲ್ಲವೂ ಒಂದೇ ಮೂಲದ ಸಂತಾನವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಹಿರಿಯರು ‘ದೀರ್ಘಾಯುವಾಗು’ ಎಂದು ಹರಸುವಾಗ ಕೇಳಿಬರುವ ಶಬ್ದಕ್ಕೂ ಸ್ಕಾಟಿಷ್ ರೈತನ ನುಡಿಗೂ ಹೀಗೆ ಬಾಂಧವ್ಯವುಂಟು.

1603ರಲ್ಲಿ ಸ್ಕಾಟರ ದೊರೆಯು ಇಂಗ್ಲೆಂಡಿನ ಸಿಂಹಾಸನವನ್ನೂ ಏರಿ ಲಂಡನ್ನಿಗೆ ತೆರಳಿದನು. 1707ರಲ್ಲಿ ಉಭಯ ರಾಜ್ಯಗಳೂ ಒಂದಾದವು. ಕ್ರಮೇಣ ಸ್ಕಾಟ್ಸ್ ನುಡಿಯು ವಿದ್ಯಾವಂತರಿಗೆ ನಾಚಿಕೆಯ ವಸ್ತುವಾಯಿತು. ತತ್ತ್ವಜ್ಞನಾದ ಡೇವಿಡ್ ಹ್ಯೂಮನೇ 1752ರಲ್ಲಿ, ಬರಹದಲ್ಲಿ ವರ್ಜಿಸಬೇಕಾದ ಸ್ಕಾಟಿಷ್ ಪ್ರಯೋಗಗಳ ಪಟ್ಟಿಯೊಂದನ್ನು ಪ್ರಕಟಿಸಿದನು. 1872ರ ಶಿಕ್ಷಣಶಾಸನವು ಮಕ್ಕಳಿಗೆಲ್ಲ ಶಾಲೆಯನ್ನು ಕಡ್ಡಾಯಮಾಡಿತು. ಆದರೆ ಆ ಶಾಲೆಗಳಲ್ಲಿ ಮನೆಯ ಮಾತು ತಪ್ಪೆನಿಸಿ, ಅದನ್ನಾಡಿದ ಬಾಲಕರು ದಂಡನೆಗೆ ಗುರಿಯಾದುದುಂಟು.

ಆದರೂ ‘ಐ’ ಅಳಿಯಲಿಲ್ಲ. ಆಂಗ್ಲದಲ್ಲಿ ಅದು ಕಾವ್ಯಕ್ಕೆ ಮಾತ್ರ ಉಳಿದರೆ, ಸ್ಕಾಟರಲ್ಲಿ ಸಂತೆಯ ಮಾತಾಗಿಯೂ ಉಳಿಯಿತು. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ನಾಮಪದಗಳು ವಸ್ತುಗಳೊಡನೆ ಬದಲಾಗುವುವು. ಅವ್ಯಯಗಳಾದರೋ ವಾಕ್ಯದ ಕೀಲುಗಳಲ್ಲಿ ಅಡಗಿದ್ದು, ಆಡುವವನು ಆಲೋಚಿಸುವುದಕ್ಕೆ ಮೊದಲೇ ನಾಲಗೆಗೆ ಬರುವುವು. ಗುರುವಿನ ಬೆತ್ತವು ಅಲ್ಲಿಯವರೆಗೆ ಮುಟ್ಟಲಾರದು.

ಸ್ಕಾಟಿಷ್ ನ್ಯಾಷನಲ್ ಡಿಕ್ಷನರಿಯು 1931ರಿಂದ 1976ರವರೆಗೆ ಹತ್ತು ಸಂಪುಟಗಳಲ್ಲಿ ಹೊರಬಂದು, ಇಂತಹ ಶಬ್ದಗಳಿಗೆ ಗೌರವದ ಸ್ಥಾನವನ್ನಿತ್ತಿತು. 2025ರಲ್ಲಿ ಸ್ಕಾಟ್ಲೆಂಡಿನ ಶಾಸನಸಭೆಯು ಸ್ಕಾಟ್ಸ್ ಭಾಷೆಗೆ ಅಧಿಕೃತ ಸ್ಥಾನವನ್ನು ಕೊಡುವ ಶಾಸನವನ್ನು ಅಂಗೀಕರಿಸಿತು. ಹಳೆಯ ರೂಢಿಯನ್ನು ಬಿಡಲೊಲ್ಲದ ಸ್ಕಾಟರು ‘ಇಟ್ಸ್ ಐ ಬೀನ್’, ಎಂದರೆ ‘ಇದು ಎಂದಿನಿಂದಲೂ ಇದ್ದುದೇ’ ಎನ್ನುವುದುಂಟು. ಆ ಮಾತು ಈ ಅವ್ಯಯಕ್ಕೇ ಚೆನ್ನಾಗಿ ಒಪ್ಪುತ್ತದೆ. ಶಾಸನವು ಬರುವವರೆಗೂ ಅದನ್ನು ಕಾಪಾಡಿದವರು ಮಾತ್ರ ಮಕ್ಕಳೊಡನೆ ಮನೆಮಾತನ್ನೇ ಆಡುತ್ತಿದ್ದ ತಾಯಂದಿರು.