ಬೋರಗಾಂವ ಪರಿಸರದ ಹಳೆಯ ಸೈನಿಕ ಉಡುಪು: ಕಾಲನಿರ್ಣಯದ ಆಧಾರಗಳು

ಬೆಳಗಾವಿಯು 1922ರಿಂದ ಮರಾಠಾ ಲೈಟ್ ಇನ್‌ಫಂಟ್ರಿ ದಳದ ಕೇಂದ್ರವಾಗಿದೆ. ಆದುದರಿಂದ ಬೋರಗಾಂವದ ಸುತ್ತಿನ ಊರುಗಳಲ್ಲಿ ಹಳೆಯ ಟ್ರಂಕಿನಿಂದ ಬ್ರಿಟಿಷ್ ಮಾದರಿಯ ಉಣ್ಣೆಯ ಸೈನಿಕ ಕೋಟು ಹೊರಬಂದರೆ ಆಶ್ಚರ್ಯವಿಲ್ಲ. ಅದು ಮೆಸೊಪೊಟೇಮಿಯಾದ ಕಾಲದ್ದೋ ಇಟಲಿಯ ಕಾಲದ್ದೋ ಎಂಬುದನ್ನು ಮನೆಯವರ ಹೇಳಿಕೆಯೊಂದರಿಂದಲೇ ನಿರ್ಣಯಿಸಲಾಗದು. ಮರಾಠಾ ತುಕಡಿಗಳು ಎರಡೂ ಕಡೆ ಹೋರಾಡಿವೆ.

ಮೊದಲು ಕೋಟಿನ ಉದ್ದವನ್ನು ಪರೀಕ್ಷಿಸತಕ್ಕದ್ದು. ಬ್ರಿಟಿಷ್ ಸೇನೆಯ 1902ರ ಮಾದರಿಯು ಸೊಂಟದಿಂದ ಕೆಳಗಿಳಿಯುತ್ತದೆ. ಅದಕ್ಕೆ ನಾಲ್ಕು ಹೊರಜೇಬುಗಳು. 1930ರ ದಶಕದ ಕೊನೆಯಲ್ಲಿ ಬಂದ ಬ್ಯಾಟಲ್‌ಡ್ರೆಸ್ ಸೊಂಟದಲ್ಲಿಯೇ ನಿಲ್ಲುತ್ತದೆ; ಎದೆಯ ಮೇಲೆ ಎರಡು ಜೇಬುಗಳು ಮಾತ್ರ. ಇಟಲಿಯ ಚಳಿಯಲ್ಲಿ ಭಾರತೀಯ ತುಕಡಿಗಳು ತೊಟ್ಟದ್ದು ಇದನ್ನೇ.

ಎರಡನೆಯ ಆಧಾರ ಗುಂಡಿಗಳು. ಮೊದಲಿನ ಬ್ಯಾಟಲ್‌ಡ್ರೆಸ್ಸಿನಲ್ಲಿ ಅವು ಪಟ್ಟಿಯ ಮರೆಯಲ್ಲಿವೆ. 1942ರಲ್ಲಿ ಬಳಕೆಗೆ ಬಂದ ಮಿತವ್ಯಯದ ಮಾದರಿಯಲ್ಲಿ ಅವು ಹೊರಗೆ ಕಾಣುತ್ತವೆ. ಜೇಬುಗಳಿಗೆ ನೆರಿಗೆಯೂ ಇಲ್ಲ. ತೆರೆದ ಕೊರಳಿನ 1949ರ ಮಾದರಿಯಾದರೆ ಅದು ಸ್ವಾತಂತ್ರ್ಯಾನಂತರದ್ದು; ಎರಡನೆಯ ಮಹಾಯುದ್ಧದ ಸೈನಿಕನದೆನ್ನಲು ಬಾರದು.

ಮೂರನೆಯದು ಗುರುತುಗಳು. ಒಳಗಿನ ಬಟ್ಟೆಚೀಟಿಯಲ್ಲಿ ವರ್ಷ ಉಳಿದಿದ್ದರೆ ಅದೇ ಪ್ರಬಲ ಪ್ರಮಾಣ. ಬಾಣದ ಮುದ್ರೆಯು ಸರಕಾರದ ಸ್ವತ್ತೆಂಬುದನ್ನು ಸೂಚಿಸುತ್ತದೆ, ಕಾಲವನ್ನಲ್ಲ. ‘ಸಿಸಿ 41’ ಎಂಬ ಗುರುತಿದ್ದರೆ ಅದು ಬ್ರಿಟನ್ನಿನ ನಾಗರಿಕ ಉಡುಪು. 1941ರಲ್ಲಿ ಆರಂಭವಾದ ಆ ಯೋಜನೆ 1952ರಲ್ಲಿ ಮುಗಿಯಿತು.

ಇಷ್ಟಾದರೂ ಮಾದರಿಯ ವರ್ಷವು ಹಿಂದಿನ ಎಲ್ಲೆಯನ್ನಷ್ಟೇ ಹೇಳುತ್ತದೆ. ಹೊಸ ಮಾದರಿ ಬಂದ ಮೇಲೆಯೂ ಹಳೆಯದು ಬಳಕೆಯಲ್ಲಿರುತ್ತಿತ್ತು. ಕೋಟಿನ ಕಾಲವನ್ನು ಸೇವಾಪತ್ರ, ಪದಕಗಳೊಡನೆ ತಾಳೆ ನೋಡದಿದ್ದರೆ ಒಬ್ಬನ ಸೇವೆ ಮತ್ತೊಂದು ಯುದ್ಧದ ಲೆಕ್ಕಕ್ಕೆ ಸೇರುತ್ತದೆ. ಊರಿನ ಚರಿತ್ರೆಯೂ ತಪ್ಪುತ್ತದೆ.